ಮೂವತ್ತೆರಡು ಮನೆಯ ಆನೆ

ಮಣಿಪಾಲದಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದ ತರಗತಿಯಲ್ಲಿ ಆರು ಯಂತ್ರಗಳಿದ್ದವು. ಅವುಗಳಲ್ಲಿ ನಾಲ್ಕು ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದೂ ಸ್ವಲ್ಪ ಹೆಚ್ಚೇ. ಏನಾದರೂ ತೆರೆಯಲು ಹೇಳಿದರೆ ಪರದೆಯ ಮೇಲಿನ ಬಾಣ ಮಾಯವಾಗಿ ಅದರ ಜಾಗದಲ್ಲಿ ಒಂದು ಮರಳು ಗಡಿಯಾರ ಬರುತ್ತಿತ್ತು. ಮರಳು ಸುರಿಯುತ್ತಿತ್ತು, ಗಡಿಯಾರ ತಲೆಕೆಳಗಾಗುತ್ತಿತ್ತು, ಮತ್ತೆ ಸುರಿಯುತ್ತಿತ್ತು. ವಿದ್ಯಾರ್ಥಿಗಳು ಕೈಕಟ್ಟಿಕೊಂಡು ಅದನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಆರು ತಿಂಗಳ ಡಿಪ್ಲೊಮಾದಲ್ಲಿ ಪ್ರತಿಯೊಬ್ಬರೂ ಎರಡು ತಿಂಗಳನ್ನಾದರೂ ಹೀಗೆ ನೋಡುತ್ತಲೇ ಕಳೆದಿರಬೇಕು ಎಂದು ನನ್ನ ಅಂದಾಜು. ಪ್ರಮಾಣಪತ್ರದಲ್ಲಿ ಅದನ್ನು ನಮೂದಿಸುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಅದೇ ತರಗತಿಯಲ್ಲಿ ಕಲಿತವಳು. ಶನಿವಾರ ನನ್ನ ಪರೀಕ್ಷೆ ಮುಗಿಯಿತು, ಸೋಮವಾರದಿಂದ ನಾನೇ ಟೀಚರ್. ಮನೆ ಕಾಪುವಿನಲ್ಲಿ. ಬೆಳಿಗ್ಗೆ ಒಂದು ಬಸ್ಸಿನಲ್ಲಿ ಕಟಪಾಡಿ ದಾಟಿ ಉಡುಪಿಗೆ ಬಂದು, ಇನ್ನೊಂದರಲ್ಲಿ ಗುಡ್ಡ ಹತ್ತಿ ಮಣಿಪಾಲಕ್ಕೆ ಹೋಗುತ್ತಿದ್ದೆ. ತರಗತಿಯ ಮಾಲೀಕರನ್ನು ಎಲ್ಲರೂ ಸರ್ ಎಂದೇ ಕರೆಯುತ್ತಿದ್ದೆವು. ಅವರು ಕಾರ್ಕಳದಲ್ಲಿ ಬಹಳ ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಟೈಪ್ ಕಲಿಯಲು ಜನ ಬರುವುದು ನಿಂತಾಗ ಯಂತ್ರಗಳನ್ನು ಮಾರಿ ಕಂಪ್ಯೂಟರ್ ತಂದು ಮಣಿಪಾಲದಲ್ಲಿ ಎರಡನೇ ಮಹಡಿಯಲ್ಲಿ ಕೋಣೆ ಹಿಡಿದಿದ್ದರು. ಬೆನ್ನು ನೆಟ್ಟಗಿರಬೇಕು, ಮಣಿಕಟ್ಟು ಮೇಜಿಗೆ ತಾಗಬಾರದು, ಚಪ್ಪಲಿ ಬಾಗಿಲ ಹೊರಗಿರಬೇಕು. ಕಂಪ್ಯೂಟರಿನ ವಿಷಯದಲ್ಲಿ ಅವರಿಗೆ ಖಚಿತವಾಗಿ ಗೊತ್ತಿದ್ದದ್ದು ಇಷ್ಟು. ಉಳಿದದ್ದನ್ನು ನನಗೆ ಬಿಟ್ಟಿದ್ದರು.

ಸರ್ ಒಂದು ಇಂಗ್ಲಿಷ್ ಕಂಪ್ಯೂಟರ್ ಮಾಸಿಕ ತರಿಸುತ್ತಿದ್ದರು. ಅದರ ಜೊತೆ ಪ್ರತಿ ತಿಂಗಳೂ ಒಂದು ಸಿ.ಡಿ. ಬರುತ್ತಿತ್ತು. ಒಮ್ಮೆ ಆ ಸಿ.ಡಿ.ಯೊಳಗೆ ಪರದೆಯ ಬಾಣದ ಬದಲು ನಮ್ಮದೇ ಕರ್ಸರ್ ಮಾಡಿಕೊಳ್ಳುವ ಚಿಕ್ಕ ಪ್ರೋಗ್ರಾಮ್ ಸಿಕ್ಕಿತು. ತೆರೆದರೆ ಮೂವತ್ತೆರಡು ಮನೆ ಅಡ್ಡ, ಮೂವತ್ತೆರಡು ಮನೆ ಉದ್ದದ ಒಂದು ಚೌಕ. ಬೇಕಾದ ಮನೆಗೆ ಬಣ್ಣ ತುಂಬಿದರೆ ಚಿತ್ರವಾಗುತ್ತಿತ್ತು. ಸ್ವಲ್ಪ ಸ್ವಲ್ಪ ಬದಲಾದ ನಾಲ್ಕೈದು ಚಿತ್ರಗಳನ್ನು ಸಾಲಾಗಿ ಜೋಡಿಸಿ, ಒಂದೊಂದು ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳಿದರೆ ಚಿತ್ರ ಅಲುಗಾಡುತ್ತಿತ್ತು. ಹೊತ್ತನ್ನು ಸೆಕೆಂಡಿನ ಅರವತ್ತನೇ ಒಂದು ಪಾಲಿನ ಲೆಕ್ಕದಲ್ಲಿ ಹೇಳಬೇಕಿತ್ತು. ಒಂದು ತಾಸು ತಡವಾದರೂ ಯಾರೂ ಕೇಳದ ತರಗತಿಯಲ್ಲಿ ಅಷ್ಟು ಸೂಕ್ಷ್ಮವಾದ ಕೆಲಸ ನನ್ನ ಕೈಗೆ ಬಂದದ್ದು ಅದೇ ಮೊದಲು.

ನಾನು ಮೊದಲು ಮಾಡಿದ್ದು ಬಂಗುಡೆ ಮೀನು. ಬಾಲ ಆಡಿಸಬೇಕಿತ್ತು, ಆಡಿಸುತ್ತಿತ್ತು. ನೋಡಿದವರೆಲ್ಲ ಚಪ್ಪಲಿ ಎಂದರು. ಒಬ್ಬರು ಎಡಗಾಲಿನದ್ದು ಎಂದೂ ಹೇಳಿದರು.

ಎರಡನೆಯದು ನಮ್ಮ ಕಾಪುವಿನ ಲೈಟ್‌ಹೌಸ್. ದೀಪ ತಿರುಗಬೇಕೆಂದು ಆರು ಚಿತ್ರ ಬರೆದೆ. ಇದು ಚೆನ್ನಾಗಿಯೇ ಬಂತು. ಎಲ್ಲ ಯಂತ್ರಗಳಲ್ಲೂ ಬಾಣವನ್ನು ತೆಗೆದು ಲೈಟ್‌ಹೌಸ್ ನಿಲ್ಲಿಸಿದೆ. ಆದರೆ ಕರ್ಸರಿಗೆ ಒಂದು ಬಿಂದು ಇರುತ್ತದೆ, ಚಿತ್ರ ಎಷ್ಟೇ ದೊಡ್ಡದಿದ್ದರೂ ಒತ್ತುವುದು ಆ ಒಂದು ಬಿಂದು ಮಾತ್ರ. ಅದು ಎಲ್ಲಿರಬೇಕು ಎನ್ನುವುದನ್ನು ನಾವೇ ಗುರುತು ಮಾಡಬೇಕು. ನನ್ನ ಲೈಟ್‌ಹೌಸ್ ಚೌಕದ ಎಡಗಡೆಯಲ್ಲಿತ್ತು, ಬಿಂದು ಬಲಗಡೆಯ ಮೂಲೆಯಲ್ಲಿ ಉಳಿದಿತ್ತು. ಹೆಜಮಾಡಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಎರಡು ತಾಸು ಕೂತು ತನ್ನ ಬಯೋಡೇಟಾ ಟೈಪ್ ಮಾಡಿ ಮುಚ್ಚಿದಳು. ಉಳಿಸಬೇಕೇ ಎಂದು ಯಂತ್ರ ಕೇಳಿತು. ಅವಳು ಲೈಟ್‌ಹೌಸನ್ನು ಹೌದು ಎನ್ನುವುದರ ಮೇಲೆ ನಿಲ್ಲಿಸಿ ಒತ್ತಿದಳು. ಬಿಂದು ಪಕ್ಕದ ಬೇಡ ಎನ್ನುವುದರ ಮೇಲಿತ್ತು.

"ಟೀಚರ್, ನಾನು ಹೌದು ಅಂತ ಹೇಳಿದೆ," ಎಂದಳು. "ಅದು ಬೇಡ ಅಂತ ಕೇಳಿಸಿಕೊಂಡಿತು."

ಸರ್ ಬಂದು ಪರದೆಯನ್ನು ನೋಡಿದರು. "ಲೈಟ್‌ಹೌಸ್ ಇರುವುದು ದಾರಿ ತೋರಿಸ್ಲಿಕ್ಕೆ ಅಲ್ವಾ ಟೀಚರ್?" ಎಂದು ಕೇಳಿದರು. ಹೌದು ಎಂದೆ. ಅವರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ನಾನು ಆ ಹುಡುಗಿಯ ಬಯೋಡೇಟಾವನ್ನು ಮೊದಲಿಂದ ಟೈಪ್ ಮಾಡಿಕೊಟ್ಟೆ.

ಇದಾದ ಮೇಲೆ ಮೊದಲು ಕಾಗದದಲ್ಲಿ ಬರೆದು, ಆಮೇಲೆ ಯಂತ್ರಕ್ಕೆ ಹಾಕುವುದು ಎಂದು ನಿರ್ಧರಿಸಿದೆ. ಶಾಲೆಯ ಗ್ರಾಫ್ ಪುಸ್ತಕ ಒಂದನ್ನು ಕೊಂಡು ತಂದೆ. ಬೆಳಿಗ್ಗೆ ಎಂಟೂವರೆಗೆ ತಲುಪುತ್ತಿದ್ದೆ, ತರಗತಿ ಒಂಬತ್ತೂವರೆಗೆ. ಆ ಒಂದು ತಾಸು ಪೆನ್ಸಿಲ್ ಹಿಡಿದು ಕೂರುತ್ತಿದ್ದೆ. ಅದೇ ಹೊತ್ತಿಗೆ ನೆಲ ಗುಡಿಸಿ ಒರೆಸಲು ಒಬ್ಬರು ಬರುತ್ತಿದ್ದರು. ಗದಗದ ಕಡೆಯವರು. ಗಂಡ ಮಣಿಪಾಲದ ಕಟ್ಟಡಗಳಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ. ಪರ್ಕಳದಲ್ಲಿ ಬಾಡಿಗೆಗೆ ಒಂದು ಕೋಣೆ. ನಮ್ಮಲ್ಲಿ ಮುಗಿಸಿ ಇನ್ನೂ ಎರಡು ಕಚೇರಿಗಳಿಗೆ ಹೋಗುತ್ತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಯಾರು ದೊಡ್ಡವರು ಎನ್ನುವುದು ಮಾತಿನಲ್ಲಿ ಇತ್ಯರ್ಥವಾಗಲಿಲ್ಲ.

ನಾನು ಆನೆ ಬರೆಯುತ್ತಿದ್ದ ದಿನ ಅವರು ನನ್ನ ಮೇಜಿನ ಕೆಳಗೆ ಗುಡಿಸಿ ಎದ್ದವರು ಪುಸ್ತಕ ನೋಡಿ ನಿಂತರು.

"ಇದೇನ್ರಿ ಅಕ್ಕಾರ, ಕಸೂತಿ ಹಾಕಾಕತ್ತೀರೇನು?"

"ಅಲ್ಲ, ಆನೆ."

"ಆನಿ ಅನ್ನೂದು ತಿಳೀತ್ರಿ. ನಾಕ್ ಆನಿ ಯಾಕ?"

"ನಾಲ್ಕೂ ಒಂದೇ ಆನೆ. ನಡೆಯುತ್ತದೆ."

ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ನಾಲ್ಕನ್ನೂ ಒಂದೊಂದಾಗಿ ನೋಡಿದರು. "ಮೂರರ ಮಟ ನಡದೈತ್ರಿ. ಆಮ್ಯಾಲ ಹಿಂದಿನ ಕಾಲು ಎಲ್ಲಿ ಹೊಂಟೈತಿ ಅಂತ ಅದಕ್ಕೂ ಗೊತ್ತಿಲ್ಲ."

ನಾನು ಒಪ್ಪಲಿಲ್ಲ. ಅವರು ಹೋದ ಮೇಲೆ ಯಂತ್ರಕ್ಕೆ ಹಾಕಿ ನೋಡಿದೆ. ಆನೆ ಮೂರು ಹೆಜ್ಜೆ ನಡೆದು, ಕುಂಟಿ, ಮತ್ತೆ ಮೂರು ಹೆಜ್ಜೆ ನಡೆಯುತ್ತಿತ್ತು. ಇಡೀ ದಿನ ಕುಂಟುತ್ತಲೇ ಇತ್ತು.

ಮರುದಿನ ಅವರು ಒಂದು ಹಳೆಯ ಇಳಕಲ್ ಸೀರೆಯ ಸೆರಗನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. ಅವರ ಅವ್ವ ಕಸೂತಿ ಹಾಕಿ ಕೊಟ್ಟದ್ದಂತೆ. ಕೆಂಪು ಬಟ್ಟೆಯ ಮೇಲೆ ಆನೆ, ನವಿಲು, ತೊಟ್ಟಿಲು, ತುಳಸಿಕಟ್ಟೆ. ಎಲ್ಲವೂ ನನ್ನ ಗ್ರಾಫ್ ಪುಸ್ತಕದ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಇದ್ದವು. ಕೆಳಗೆ ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಕೊಂಡೇ ಹಾಕುವುದು ಎಂದರು. ಸೆರಗನ್ನು ಮಗುಚಿ ತೋರಿಸಿದರು. ಹಿಂದೆಯೂ ಅದೇ ಆನೆ, ಅದೇ ನವಿಲು. ಒಂದು ಗಂಟಿಲ್ಲ.

"ಹೋಗೂವಾಗ ಒಂದು ಬಿಟ್ಟು ಒಂದು ಹಾಕ್ಕೊಂತ ಹೋಗೂದು. ಬರೂವಾಗ ಬಿಟ್ಟದ್ದನ್ನ ತುಂಬಿಕೊಂತ ಬರೂದು. ಎಲ್ಲಿಂದ ಸೂಜಿ ಚುಚ್ಚೀವಿ ಅಲ್ಲಿಗೇ ಬಂದು ಮುಟ್ಟಬೇಕ್ರಿ. ನಿಮ್ಮ ಆನಿ ಹೋಗೇತಿ, ತಿರುಗಿ ಬಂದಿಲ್ಲ."

ನಾನು ಪೆನ್ಸಿಲನ್ನು ಅವರ ಕೈಗೆ ಕೊಟ್ಟೆ. ಪೆನ್ಸಿಲ್ ಹಿಡಿದು ಅಭ್ಯಾಸವಿಲ್ಲದವರ ಹಾಗೆ ಮುಷ್ಟಿಯಲ್ಲಿ ಹಿಡಿದರು. ಆದರೆ ಮನೆ ಎಣಿಸುವುದರಲ್ಲಿ ಒಮ್ಮೆಯೂ ತಡವರಿಸಲಿಲ್ಲ. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ನಾಲ್ಕು ಆನೆ ಬರೆದು, ನೆಲ ಒರೆಸಲು ಹೋದರು. ಅದನ್ನು ಯಂತ್ರಕ್ಕೆ ಹಾಕಿದೆ. ಆನೆ ನಡೆಯಿತು. ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

ಆಮೇಲೆ ಕೆಲವು ತಿಂಗಳು ಹೀಗೆಯೇ ನಡೆಯಿತು. ಅವರು ಬೇಗ ಬೇಗ ಗುಡಿಸಿ ನನ್ನ ಮೇಜಿಗೆ ಬರುತ್ತಿದ್ದರು. ಅವರು ಬರೆಯುವುದು, ನಾನು ಬಣ್ಣ ತುಂಬಿ, ಹೊತ್ತು ಇಟ್ಟು, ಬಿಂದು ಗುರುತಿಸುವುದು. ನವಿಲಿನ ಬಿಂದುವನ್ನು ಕೊಕ್ಕಿನ ತುದಿಯಲ್ಲಿಡಿ ಎಂದು ಹೇಳಿದ್ದು ಅವರೇ. ಅದು ಎಲ್ಲಿ ಕುಕ್ಕುತ್ತದೋ ಅಲ್ಲೇ ಒತ್ತುತ್ತಿತ್ತು. ಒಂದು ದಿನ ಪರದೆಯಲ್ಲಿ ಮರಳು ಗಡಿಯಾರ ನೋಡಿ ಇದು ಯಾಕೆಂದು ಕೇಳಿದರು. ಕಾಯಿರಿ ಎಂದು ಹೇಳಲಿಕ್ಕೆ ಎಂದೆ.

"ಕಾಯಾಕ ತೊಟ್ಟಿಲಾ ಹಾಕ್ರಿ. ತೊಟ್ಟಿಲಾ ತೂಗೂವಾಗ ಯಾರೂ ಗಡಿಬಿಡಿ ಮಾಡೂದಿಲ್ಲ."

ತೊಟ್ಟಿಲು ಹಾಕಿದೆವು. ಎಡಕ್ಕೆ, ನಡುವಿಗೆ, ಬಲಕ್ಕೆ, ನಡುವಿಗೆ. ನಿಜವಾಗಿಯೂ ತರಗತಿಯಲ್ಲಿ ಗೊಣಗಾಟ ಕಡಿಮೆಯಾಯಿತು. ದುಬೈಗೆ ಹೋಗಲು ವೀಸಾ ಕಾಯುತ್ತಿದ್ದ ಒಬ್ಬರು ಮಾತ್ರ ಅದನ್ನು ನೋಡಿದರೆ ನಿದ್ದೆ ಬರುತ್ತದೆ ಎಂದು ದೂರು ಕೊಟ್ಟರು. ಅವರ ಯಂತ್ರಕ್ಕೆ ಮರಳು ಗಡಿಯಾರವನ್ನೇ ಮತ್ತೆ ಹಾಕಿಕೊಟ್ಟೆ.

ಆ ಇಂಗ್ಲಿಷ್ ಮಾಸಿಕದಲ್ಲಿ ಓದುಗರು ಮಾಡಿದ ಕರ್ಸರ್‌ಗಳನ್ನು ಕಳಿಸಿ ಎಂದು ಒಂದು ಪ್ರಕಟಣೆ ಬಂತು, ಜೊತೆಗೆ ತುಂಬಿ ಕಳಿಸಲು ಒಂದು ಅರ್ಜಿ. ಆರಿಸಿದ್ದನ್ನು ಮುಂದೊಂದು ಸಿ.ಡಿ.ಯಲ್ಲಿ ಹಾಕುತ್ತಾರಂತೆ. ನಾನು ಒಂದು ಫ್ಲಾಪಿಯಲ್ಲಿ ಐದನ್ನು ತುಂಬಿದೆ: ಮೀನು, ಲೈಟ್‌ಹೌಸ್, ಆನೆ, ನವಿಲು, ತೊಟ್ಟಿಲು. ಅರ್ಜಿಯಲ್ಲಿ ಮಾಡಿದವರ ಹೆಸರು ಎಂದು ಒಂದು ಗೆರೆ ಇತ್ತು. ಒಂದೇ ಗೆರೆ. ನಾನು ನನ್ನ ಹೆಸರು ಬರೆದೆ. ಬಣ್ಣ ತುಂಬಿದ್ದು ನಾನು, ಯಂತ್ರಕ್ಕೆ ಹಾಕಿದ್ದು ನಾನು, ಅಂಚೆಗೆ ಹಾಕುವವಳೂ ನಾನೇ ಎಂದು ಉಡುಪಿಯ ಬಸ್‌ಸ್ಟ್ಯಾಂಡಿನವರೆಗೂ ಲೆಕ್ಕ ಹಾಕಿದೆ. ಅಂಚೆಪೆಟ್ಟಿಗೆ ಬಂದಾಗ ಲೆಕ್ಕ ನಿಲ್ಲಿಸಿ ಲಕೋಟೆ ಹಾಕಿದೆ.

ಮೂರು ತಿಂಗಳಾದ ಮೇಲೆ ಸಿ.ಡಿ. ಬಂತು. ಆನೆ ಇತ್ತು, ನವಿಲು ಇತ್ತು, ತೊಟ್ಟಿಲು ಇತ್ತು. ಮೀನು, ಲೈಟ್‌ಹೌಸ್ ಇರಲಿಲ್ಲ. ನಾನು ಬರೆದ ಚಿತ್ರ ಒಂದೂ ಇರಲಿಲ್ಲ, ನನ್ನ ಹೆಸರು ಮೂರು ಕಡೆ ಇತ್ತು.

ಮಾಸಿಕದಲ್ಲಿ ಆ ಚಿತ್ರಗಳು ಅಚ್ಚಾದ ಪುಟವನ್ನು ಸರ್ ಫ್ರೇಮ್ ಹಾಕಿಸಿ ಬಾಗಿಲ ಎದುರಿಗೆ ತೂಗು ಹಾಕಿದರು. ಒಂದು ಡಬ್ಬಿ ಲಡ್ಡು ತರಿಸಿದರು. ವಿದ್ಯಾರ್ಥಿಗಳೆಲ್ಲ ಕೈಕುಲುಕಿದರು. ಅವತ್ತು ಸರ್ ನಿಲ್ಲಲು ಹೇಳಿದ್ದರಿಂದ ಅಕ್ಕ ಇನ್ನೂ ಅಲ್ಲೇ ಇದ್ದರು. ಅವರಿಗೂ ಒಂದು ಲಡ್ಡು ಕೊಟ್ಟರು.

"ಇದು ಯಾತರದ್ರಿ?" ಎಂದು ಅವರು ಸರ್ ಹತ್ತಿರ ಕೇಳಿದರು.

"ನಮ್ಮ ಟೀಚರ್ ಆನೆ ಮಾಡಿದ್ದು ಉಂಟಲ್ಲ, ಅದು ಇಡೀ ದೇಶಕ್ಕೆ ಹೋಗಿದೆ," ಎಂದರು ಸರ್.

ಅವರು ಗೋಡೆಯ ಮೇಲಿನ ಆನೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಚೊಲೋ ಆತ್ರಿ," ಎಂದರು. ಲಡ್ಡು ತಿಂದು, ಕೈ ತೊಳೆದು, ಮುಂದಿನ ಕಚೇರಿಗೆ ಹೋದರು.

ಮರುದಿನದಿಂದ ಅವರು ನನ್ನ ಮೇಜಿನ ಹತ್ತಿರ ನಿಲ್ಲಲಿಲ್ಲ. ಕೋಪವೇನೂ ಕಾಣಲಿಲ್ಲ. ನೆಲ ಎಂದಿಗಿಂತ ಚೊಕ್ಕಟವಾಗಿಯೇ ಇತ್ತು. ಹಂಸ ಒಂದು ಬರೆಯೋಣವೇ ಎಂದು ಕೇಳಿದೆ. "ಕಣ್ಣು ನೋಯ್ತಾವ್ರಿ," ಎಂದರು. ನಾನೇ ಬರೆದೆ. ಹಂಸ ಕೊಡೆಯ ಹಿಡಿಯಂತೆ ಬಂತು. ಮನೆಯಲ್ಲಿ ಅಮ್ಮ ಆ ಮಾಸಿಕದ ಇನ್ನೊಂದು ಪ್ರತಿಯನ್ನು ಅಕ್ಕಪಕ್ಕದವರಿಗೆಲ್ಲ ತೋರಿಸುತ್ತಿದ್ದಳು. ಆನೆಯ ಕಾಲು ನೋಡಿ, ಎಷ್ಟು ಸರಿಯಾಗಿದೆ ಎಂದು ತುಳುವಿನಲ್ಲಿ ಹೊಗಳುತ್ತಿದ್ದಳು. ನಾನು ಒಳಗೆ ಹೋಗಿ ಅನ್ನಕ್ಕೆ ನೀರಿಡುತ್ತಿದ್ದೆ. ಆ ವಾರಗಳಲ್ಲಿ ನಮ್ಮ ಮನೆಯಲ್ಲಿ ಅನ್ನ ಯಾವಾಗಲೂ ಬೇಗ ಆಗುತ್ತಿತ್ತು.

ಇಷ್ಟರಲ್ಲಿ ಸರ್ ಒಂದು ಕೆಲಸ ಒಪ್ಪಿಕೊಂಡು ಬಂದರು. ಉಡುಪಿಯ ಒಂದು ಸೀರೆ ಅಂಗಡಿಯವರು ಗಿರಾಕಿಗಳಿಗೆ ಸೀರೆಯ ಚಿತ್ರ ತೋರಿಸಲು ಕಂಪ್ಯೂಟರ್ ಇಟ್ಟಿದ್ದರು. ಅದರಲ್ಲಿ ಬಾಣದ ಬದಲು ಕೈಮುಗಿಯುವ ಹೆಂಗಸು ಬೇಕಂತೆ. "ನಮ್ಮ ಟೀಚರಿಗೆ ಎಂತ ಕಷ್ಟ, ಒಂದು ವಾರದಲ್ಲಿ ಕೊಡ್ತಾರೆ ಅಂತ ಹೇಳಿದ್ದೇನೆ," ಎಂದರು. ನಾನು ನಾಲ್ಕು ದಿನ ಪ್ರಯತ್ನ ಮಾಡಿದೆ. ನನ್ನ ಹೆಂಗಸು ಕೈಮುಗಿಯುವಾಗ ಚಪ್ಪಾಳೆ ತಟ್ಟುತ್ತಿದ್ದಳು.

ಭಾನುವಾರ ಪರ್ಕಳಕ್ಕೆ ಹೋದೆ. ಹೋದದ್ದು ಕ್ಷಮೆ ಕೇಳಲಿಕ್ಕೋ ಹೆಂಗಸಿನ ಚಿತ್ರ ಕೇಳಲಿಕ್ಕೋ ಎಂದು ಬಸ್ಸಿಳಿಯುವವರೆಗೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಸಾಲು ಕೋಣೆಗಳಲ್ಲಿ ಅವರದು ಕೊನೆಯದು. ಗಂಡ ಹೊರಗೆ ಕಲ್ಲಿನ ಮೇಲೆ ಸಿಮೆಂಟು ಹತ್ತಿದ ಅಂಗಿ ಒಗೆಯುತ್ತಿದ್ದ. "ಟೀಚರ ಬಂದಾರ ನೋಡ," ಎಂದು ಒಳಗೆ ಕೂಗಿ, ಅಂಗಿಯನ್ನು ಹಾಗೆಯೇ ಬಿಟ್ಟು ಅಂಗಡಿಯ ಕಡೆ ಹೋದ. ಅವರು ಚಾಪೆ ಹಾಸಿ ಕೂರಿಸಿ, ಚಹಾ ಇಟ್ಟರು.

"ಆ ಪುಸ್ತಕದಲ್ಲಿ ನಾನು ನಿಮ್ಮ ಹೆಸರು ಹಾಕಬೇಕಿತ್ತು," ಎಂದೆ.

"ಹಾಕಬೇಕಿತ್ರಿ," ಎಂದರು.

ಪರವಾಗಿಲ್ಲ ಎನ್ನುತ್ತಾರೆ ಎಂದು ನಾನು ಅಂದುಕೊಂಡಿದ್ದೆ.

"ಈಗ ಪತ್ರ ಬರೆದು ತಿದ್ದಿಸುತ್ತೇನೆ."

"ಏನಂತ ಬರೀತೀರಿ?"

"ನಿಮ್ಮ ಹೆಸರು ಬರೆಯುತ್ತೇನೆ."

ಅವರು ಚಹಾ ಸೋಸುತ್ತಿದ್ದವರು ಕೈ ನಿಲ್ಲಿಸಿದರು. "ನನ್ನ ಹೆಸರ ನಿಮಗ ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. ಒಂದು ವರ್ಷ ದಿನಾ ಬೆಳಿಗ್ಗೆ ನೋಡಿದವರು. ತಿಂಗಳುಗಟ್ಟಲೆ ಒಂದೇ ಪುಸ್ತಕದ ಮೇಲೆ ತಲೆ ಬಗ್ಗಿಸಿ ಕೂತವರು. ಅಕ್ಕ ಎಂದು ಕರೆದರೆ ಸಾಕಾಗಿತ್ತು. ಅವರು ಲೋಟ ನನ್ನ ಮುಂದಿಟ್ಟು ತಮ್ಮ ಹೆಸರು ಹೇಳಿದರು, ಅಪ್ಪನ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ. ನಾನು ಪುಸ್ತಕದಲ್ಲಿ ಬರೆದುಕೊಂಡೆ. ಈ ಬರಹದಲ್ಲಿ ಯಾರ ಹೆಸರನ್ನೂ ಹಾಕಿಲ್ಲ, ಹಾಗಾಗಿ ಅವರದನ್ನೂ ಹಾಕುವುದಿಲ್ಲ. ಆದರೆ ಅವತ್ತಿನಿಂದ ಅದು ನನಗೆ ಗೊತ್ತಿದೆ.

ಚಹಾ ಕುಡಿದ ಮೇಲೆ, ನಾನು ಏನು ಮಾಡಿದರೆ ಸರಿಹೋಗುತ್ತದೆ ಎಂದು ಕೇಳಿದೆ. ಅವರು ತುಂಬ ಯೋಚನೆ ಮಾಡಲಿಲ್ಲ. ಮೊದಲೇ ಯೋಚಿಸಿ ಇಟ್ಟ ಹಾಗಿತ್ತು.

"ನನಗ ಅದನ್ನ ಹಿಡಿಯಾಕ ಕಲಸ್ರಿ."

"ಯಾವುದನ್ನು?"

"ಆ ಇಲಿನ್ರಿ. ದಿನಾ ವರಸ್ತೀನಿ. ಒಮ್ಮಿನೂ ಓಡಿಸಿಲ್ಲ."

ಅದು ನಿಜ. ಆರು ಯಂತ್ರಗಳ ಧೂಳನ್ನು ದಿನವೂ ಒರೆಸುತ್ತಿದ್ದವರು ಅವರು. ಅಲುಗಾಡಿಸಬೇಡಿ ಎಂದು ಮೊದಲ ದಿನ ಹೇಳಿದ್ದೆವು, ಅವರು ಅಲುಗಾಡಿಸಿರಲಿಲ್ಲ.

ಸೋಮವಾರದಿಂದ ಪಾಠ ಶುರುವಾಯಿತು. ಗುಡಿಸಿದ ಮೇಲೆ ಅರ್ಧ ತಾಸು, ನಾಲ್ಕನೇ ಯಂತ್ರದಲ್ಲಿ. ಮೊದಲ ದಿನ ಮೌಸನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಒತ್ತಿ ಹಿಡಿದರು. ಮೇಜಿನ ಅಂಚು ಬಂದಾಗ ಮುಂದೆ ಹೋಗಲು ಜಾಗವಿಲ್ಲ ಎಂದು ಕೈಬಿಟ್ಟರು. ಎತ್ತಿ ಹಿಂದಿಟ್ಟುಕೊಂಡು ಮತ್ತೆ ಎಳೆಯಬಹುದು ಎಂದು ತೋರಿಸಿದೆ. "ಎತ್ತಿದ್ರ ಅದಕ್ಕ ಗೊತ್ತಾಗೂದಿಲ್ಲೇನು?" ಎಂದು ಕೇಳಿದರು. ಗೊತ್ತಾಗುವುದಿಲ್ಲ ಎಂದೆ. ಎಂಟನೇ ದಿನ ಪರದೆಯ ಚೌಕದಲ್ಲಿ ನೇರವಾಗಿ ಕೈಮುಗಿಯುವ ಹೆಂಗಸನ್ನು ಬರೆಯುತ್ತಿದ್ದರು. ಗ್ರಾಫ್ ಪುಸ್ತಕ ಮುಚ್ಚಿಯೇ ಇತ್ತು.

ಆ ದಿನವೇ ಸರ್ ಹಿಂದಿನ ದಿನ ಮರೆತ ಯಾವುದೋ ಕೀಲಿ ಹುಡುಕಿಕೊಂಡು ಬೇಗ ಬಂದರು. ಬಾಗಿಲಲ್ಲಿ ನಿಂತು, ನಾಲ್ಕನೇ ಯಂತ್ರದ ಮುಂದೆ ಕೂತವರನ್ನು ನೋಡಿದರು. ಅಕ್ಕ ಏಳಲು ಹೋದರು. ನಾನು ಭುಜ ಹಿಡಿದು ಕೂರಿಸಿದೆ. ಸರ್ ಹಿಂದೆ ತಿರುಗಿ ಬಾಗಿಲ ಹೊರಗೆ ನೋಡಿದರು.

"ಚಪ್ಪಲಿ ಹೊರಗೆ ಬಿಟ್ಟಿದ್ದಾರಲ್ವಾ?"

"ಬಿಟ್ಟಿದ್ದಾರೆ ಸರ್."

"ಹಾಗಾದ್ರೆ ಆಗಬಹುದು," ಎಂದು ಒಳಗೆ ಬಂದರು. ಸ್ವಲ್ಪ ಹೊತ್ತು ಹಿಂದೆ ನಿಂತು, "ಬೆನ್ನು ನೆಟ್ಟಗೆ ಇಟ್ಟುಕೊಳ್ಳಿ," ಎಂದು ಮಾತ್ರ ಹೇಳಿದರು.

ಅವತ್ತೇ ನಾನು ಸರ್ ಕುರ್ಚಿಯ ಹತ್ತಿರ ಹೋಗಿ, ಆನೆ, ನವಿಲು, ತೊಟ್ಟಿಲು ಯಾರದ್ದೆಂದು ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿದರು. "ಲಡ್ಡು ಕೊಟ್ಟಾಗ ಹೇಳಬಹುದಿತ್ತು ಮಾರಾಯ್ತಿ," ಎಂದರು. ಅವರು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ. ಗೋಡೆಯ ಫ್ರೇಮನ್ನು ಇಳಿಸಿ, ಅಕ್ಕನ ಹೆಸರನ್ನು ಒಂದು ಚೀಟಿಯಲ್ಲಿ ಟೈಪ್ ಮಾಡಿ, ಪುಟದ ಕೆಳಗೆ ಅಂಟಿಸಿ ಮತ್ತೆ ತೂಗು ಹಾಕಿದರು. ಟೈಪಿಂಗ್ ಶಾಲೆ ನಡೆಸಿದವರಾದ್ದರಿಂದ ಸಾಲು ನಟ್ಟನಡುವೆ ಬಂದಿತ್ತು. ಮತ್ತೊಂದು ಡಬ್ಬಿ ಲಡ್ಡು ತರಿಸಲಿಲ್ಲ. ಆದರೆ ಮಧ್ಯಾಹ್ನ ಅಕ್ಕನನ್ನೂ ಕರೆಸಿ ಮೂವರಿಗೂ ಗೋಳಿಬಜೆ ತರಿಸಿದರು.

ಮಾಸಿಕಕ್ಕೆ ನಾನು ಬರೆದ ಪತ್ರ ಎರಡು ತಿಂಗಳ ನಂತರ ಒಂದು ಮೂಲೆಯಲ್ಲಿ ಮೂರು ಸಾಲಾಗಿ ಬಂತು. ಅಕ್ಕನ ಹೆಸರಿನಲ್ಲಿ ಎರಡು ಅಕ್ಷರ ತಪ್ಪಾಗಿದ್ದವು. ಅವರಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಅಚ್ಚಾದ ಹಾಗೆಯೇ ಓದಿ ಹೇಳಿದೆ.

"ಇದು ಯಾರ್ರಿ?"

"ನೀವೇ. ತಪ್ಪು ಅಚ್ಚಾಗಿದೆ."

"ಬಿಚ್ಚಿ ಹಾಕಾಕ ಬರೂದಿಲ್ಲೇನು?"

ಬರುವುದಿಲ್ಲ ಎಂದೆ. ಅವರು ಆ ಪುಟವನ್ನು ಕೇಳಿ ತೆಗೆದುಕೊಂಡು, ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡರು.

ಸೀರೆ ಅಂಗಡಿಯ ಹೆಂಗಸು ಒಂದು ತಿಂಗಳು ಕೈಮುಗಿದಳು. ಆಮೇಲೆ ಅಂಗಡಿಯವರು ಅವಳನ್ನು ತೆಗೆಸಿದರು. "ಗಿರಾಕಿಗಳು ಸೀರೆ ನೋಡುವುದಿಲ್ಲ ಟೀಚರ್, ಅವಳನ್ನೇ ನೋಡ್ತಾರೆ. ಅವಳು ಉಟ್ಟ ಸೀರೆ ಉಂಟಾ ಅಂತ ಕೇಳ್ತಾರೆ," ಎಂದರು. ಕೇಳಿದರೆ ತಪ್ಪಿಲ್ಲ, ಐದು ಮನೆ ಅಗಲದ ಸೆರಗಿಗೂ ಅಕ್ಕ ಅಂಚು ಹಾಕಿದ್ದರು. ಅದನ್ನು ಮಾಡಿದವರು ಯಾರು ಎಂದು ಅಂಗಡಿಯವರು ವಿಚಾರಿಸಿದರು. ಈ ಸಲ ನಾನು ಸರಿಯಾಗಿ ಹೇಳಿದೆ, ಹೆಸರು, ಅಪ್ಪನ ಹೆಸರು, ಊರು ಎಲ್ಲ. ಅವರ ಸಂಬಂಧಿಯೊಬ್ಬರು ಕಾರ್ಕಳದಲ್ಲಿ ಕಂಪ್ಯೂಟರಿನಿಂದ ನಡೆಯುವ ಕಸೂತಿ ಯಂತ್ರ ತರಿಸಿದ್ದರು. ಶಾಲೆಗಳ ಬ್ಯಾಜು, ಅಂಗಿಯ ಜೇಬಿನ ಗುರುತು, ಇಂಥವನ್ನು ಹೊಲಿಯುವ ಯಂತ್ರ. ಯಂತ್ರ ಬಂದಿತ್ತು, ಅದಕ್ಕೆ ಚಿತ್ರವನ್ನು ಹೊಲಿಗೆಯಾಗಿ ಬಿಡಿಸಿ ಕೊಡುವವರು ಇರಲಿಲ್ಲ. ಹುಬ್ಬಳ್ಳಿಯಿಂದ ಕರೆಸಿದ್ದ ಒಬ್ಬ ತಿಂಗಳಿಗೇ ಊರಿಗೆ ಹೋಗಿದ್ದ.

ಅಕ್ಕ ಹೋಗಿ ನೋಡಿ ಬಂದರು. "ಅದೂ ಎಣಿಸೂದ ಐತ್ರಿ. ಬರೇ ದಾರ ಕಡೀದಂಗ ನೋಡ್ಕೋಬೇಕು," ಎಂದರು. ಎರಡು ವಾರಗಳಲ್ಲಿ ಮೂರು ಕಚೇರಿಗಳ ಗುಡಿಸುವ ಕೆಲಸ ಬಿಟ್ಟು, ಪರ್ಕಳದಲ್ಲಿ ಬೆಳಿಗ್ಗೆ ಕಾರ್ಕಳದ ಬಸ್ಸು ಹತ್ತತೊಡಗಿದರು. ಹೊರಡುವ ಮುಂಚಿನ ದಿನ ನಮ್ಮ ಆರು ಯಂತ್ರಗಳನ್ನೂ ಒರೆಸಿ, ಅವುಗಳ ಮುಸುಕುಗಳನ್ನು ಒಗೆದು ಹಾಕಿ ಹೋದರು. ಒಂದು ಮುಸುಕು ಒಗೆದಾಗ ಕುಗ್ಗಿ, ಆಮೇಲೆ ಯಾವ ಯಂತ್ರಕ್ಕೂ ಸರಿಹೊಂದಲಿಲ್ಲ.

ನಾನು ಇನ್ನೂ ಎರಡು ವರ್ಷ ಅಲ್ಲಿದ್ದೆ. ಹೊಸ ಯಂತ್ರಗಳು ಬಂದವು, ಕಾಯುವುದು ಕಡಿಮೆಯಾಯಿತು. ತೊಟ್ಟಿಲು ಒಂದು ಸಲ ಎಡಕ್ಕೆ ತೂಗುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಆಮೇಲೆ ತರಗತಿಯೇ ಮುಚ್ಚಿತು, ಸರ್ ಕಾರ್ಕಳಕ್ಕೆ ಹಿಂದಿರುಗಿದರು. ನನಗೆ ಉಡುಪಿಯ ಒಂದು ಕಚೇರಿಯಲ್ಲಿ ಕೆಲಸವಾಯಿತು. ಅಲ್ಲಿನ ಕಂಪ್ಯೂಟರಿನಲ್ಲಿ ಏನನ್ನೂ ಬದಲಾಯಿಸಲು ಬಿಡುತ್ತಿರಲಿಲ್ಲ, ಬಾಣ ಬಾಣವಾಗಿಯೇ ಇತ್ತು.

ಎರಡು ಸಾವಿರದ ದಶಕದ ಕೊನೆಯಲ್ಲಿ ಕಚೇರಿಯ ಕೆಲಸಕ್ಕೆಂದು ಕಾರ್ಕಳಕ್ಕೆ ಹೋದವಳು ಅಕ್ಕ ಕೆಲಸ ಮಾಡುವಲ್ಲಿಗೂ ಹೋದೆ. ಈಗ ಎರಡು ಕಸೂತಿ ಯಂತ್ರಗಳಿದ್ದವು, ಅವುಗಳನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರು. ಅಕ್ಕ ಒಂದು ಗಾಜಿನ ಅಡ್ಡಗೋಡೆಯ ಆಚೆ ಕಂಪ್ಯೂಟರಿನ ಮುಂದೆ, ಬೆನ್ನು ನೆಟ್ಟಗಿಟ್ಟು ಕೂತಿದ್ದರು. ಕನ್ನಡಕ ಬಂದಿತ್ತು. ಅವರ ಪರದೆಯ ಮೇಲೆ ಇದ್ದದ್ದು ಮಾಮೂಲಿ ಬಾಣ. ನವಿಲನ್ನಾದರೂ ಹಾಕಿಕೊಳ್ಳಬಹುದಿತ್ತಲ್ಲ ಎಂದೆ.

"ಕೆಲಸ ಮಾಡೂವಾಗ ಅಡ್ಡ ಬರ್ತೈತ್ರಿ," ಎಂದರು.

ಅವರು ಒಂದು ಶಾಲೆಯ ಬ್ಯಾಜು ಮಾಡುತ್ತಿದ್ದರು. ನಡುವೆ ದೀಪ, ಕೆಳಗೆ ಸಂಸ್ಕೃತದಲ್ಲಿ ಒಂದು ಸಾಲು. "ಅಕ್ಕಾರ, ಇದೊಂದು ಓದಿ ನೋಡ್ರಿ. ನನಗ ಆ ಅಕ್ಷರ ಬರೂದಿಲ್ಲ, ಅವರು ಕೊಟ್ಟಂಗ ಹಾಕೀನಿ," ಎಂದರು. ಓದಿದೆ. ಒಂದು ಕಡೆ ದೀರ್ಘ ಇರಬೇಕಿತ್ತು, ಇರಲಿಲ್ಲ. ಅವರು ಒಡನೆ ಯಂತ್ರ ನಿಲ್ಲಿಸಲು ಹೇಳಿ, ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ನಾನು ವಿಷಯ ಹೇಳಿದೆ. ಆಚೆಯವರು ಹಳೆಯ ಬ್ಯಾಜು ಒಂದನ್ನು ತರಿಸಿ ನೋಡಿದರು.

"ಹೋದ ವರ್ಷದ್ದೂ ಹಾಗೆಯೇ ಉಂಟು," ಎಂದರು. "ಈಗ ತಿದ್ದಿದರೆ ಹಳೆ ಮಕ್ಕಳದ್ದು ಒಂದು, ಹೊಸ ಮಕ್ಕಳದ್ದು ಒಂದು ಆಗ್ತದೆ. ಎಲ್ಲ ಒಂದೇ ರೀತಿ ಇರಲಿ."

ನಾನು ಅಕ್ಕನಿಗೆ ಹೇಳಿದೆ. ಅವರು ಎದ್ದು ಹೋಗಿ ಯಂತ್ರದವರಿಗೆ ನಡೆಸಿ ಎಂದು ಹೇಳಿ ಬಂದರು. ಹನ್ನೆರಡು ಸೂಜಿಗಳು ಒಟ್ಟಿಗೆ ಹನ್ನೆರಡು ತಪ್ಪು ಸಾಲುಗಳನ್ನು ಹೊಲಿಯತೊಡಗಿದವು. ಹೊಲಿಗೆ ಮಾತ್ರ ಬಹಳ ಚೆನ್ನಾಗಿತ್ತು. ಒಂದು ಬ್ಯಾಜನ್ನು ಮಗುಚಿ ನೋಡಿದೆ. ಹಿಂದೆಲ್ಲ ದಾರದ ಸಿಕ್ಕು. "ಯಂತ್ರಕ್ಕ ಅಷ್ಟು ಬರೂದಿಲ್ರಿ," ಎಂದು ಅವರು ಅದನ್ನು ನನ್ನ ಕೈಯಿಂದ ತೆಗೆದು ಅಟ್ಟಿಯಲ್ಲಿಟ್ಟರು.

ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ಇಬ್ಬರು ಹೆಂಗಸರನ್ನೂ ಕರೆದು ನಾಲ್ವರೂ ಗಾಜಿನ ಕೋಣೆಯಲ್ಲಿ ಕೂತು ತಿಂದೆವು. ಚಟ್ನಿ ಖಾರವಾಗಿತ್ತು, ನಾನು ಮೂರು ಲೋಟ ನೀರು ಕುಡಿದೆ. ಕೈತೊಳೆಯುವಷ್ಟರಲ್ಲಿ ಉಡುಪಿಯ ಬಸ್ಸಿನ ಹಾರ್ನ್ ಕೇಳಿತು. ಅವರು ನನ್ನ ಚೀಲ ಎತ್ತಿಕೊಂಡು ಮುಂದೆ ಓಡಿ, ರಸ್ತೆಗೆ ಇಳಿದು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದರು. ಕಂಡಕ್ಟರ್ ಎಲ್ಲಿಗೆ ಎಂದು ಅವರನ್ನೇ ಕೇಳಿದ. "ನಾನಲ್ರಿ, ಇವರು," ಎಂದು ನನ್ನನ್ನು ಹತ್ತಿಸಿದರು.